ಕಾಲಾಡಿಸದೆ ಈಜುವ ವಿದ್ಯೆ

"ನಾಳೆ ಬರೀ ಸ್ನಾರ್ಕೆಲಿಂಗಂತೆ" ಎಂದು ರಾತ್ರಿ ಊಟದ ಮೇಜಿನಲ್ಲಿ ಯಾರೋ ನಿಟ್ಟುಸಿರಿಟ್ಟರು. ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು ನನಗೆ. ನಮ್ಮ ಲಿವ್‌ಅಬೋರ್ಡ್ ಹಡಗು ಮಾಲ್ಡೀವ್ಸ್‌ನ ಬಾ ಅಟಾಲ್‌ನಲ್ಲಿ ಲಂಗರು ಹಾಕಿತ್ತು. ಬೆಳಗಾದರೆ ಹನಿಫಾರು ಕೊಲ್ಲಿ. 2012ರಿಂದ ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಇಳಿಯುವಂತಿಲ್ಲ. ಮಾಸ್ಕು, ಉಸಿರಿನ ಕೊಳವೆ, ಕಾಲಿಗೆ ಫಿನ್, ಮುಗಿಯಿತು. 45 ನಿಮಿಷವಾದರೆ ಹೊರಗೆ. ವಾರವಿಡೀ ಏಳುವುದು, ಮುಳುಗುವುದು, ತಿಂಡಿಗೆ ಮಾಸ್ ಹುನಿ ತಿನ್ನುವುದು, ಮತ್ತೆ ಮುಳುಗುವುದು ಎಂದು ಕನಸು ಕಟ್ಟಿಕೊಂಡು ಬಂದವರಿಗೆ ಇದು ಅವಮಾನ. ನನ್ನನ್ನು ಕೇಳಿದರೆ ಆ ಕಾನೂನು ಬರೆದವರಿಗೆ ಒಂದು ಶಾಲು ಹೊದಿಸಬೇಕು.

ಮ್ಯಾಂಟಾ ಎಂಬ ದೊಡ್ಡ ರೇ ಮೀನುಗಳು ಹನಿಫಾರುವಿಗೆ ಬರುವುದು ಉಣ್ಣಲು. ಮೇ ತಿಂಗಳಿಂದ ನವೆಂಬರ್‌ವರೆಗೆ, ನೈಋತ್ಯ ಮಾರುತದ ಕಾಲದಲ್ಲಿ, ಉಬ್ಬರ ಏರಿದಾಗ ಪ್ಲಾಂಕ್ಟನ್ ಈ ಪುಟ್ಟ ಕೊಲ್ಲಿಗೆ ನುಗ್ಗಿ ಹೊರದಾರಿ ಸಿಗದೆ ಒಟ್ಟಾಗುತ್ತದೆ. ಎಷ್ಟೋ ಸಲ ಆ ಊಟ ಇರುವುದು ನೀರಿನ ಮೇಲ್ಪದರದಲ್ಲೇ. ಮತ್ತೆ ಕೆಳಗೆ ಕೂತು ಗುಳ್ಳೆ ಬಿಡುವುದು ಯಾಕೆ? ಬಾಗಿಲು ತೆರೆದಂತೆ ಬಾಯಿ ತೆರೆದು ಮೂರು ಮೀಟರ್ ಅಗಲದ ಜೀವವೊಂದು ನಮ್ಮ ಮೂಗಿನಡಿಯೇ ಹಾಯುವುದನ್ನು ನೋಡಲು ತೇಲುವುದಕ್ಕಿಂತ ಒಳ್ಳೆಯ ಜಾಗವಿಲ್ಲ. ನಮ್ಮ ಕರಾವಳಿಯ ತೊರಕೆಯ ಬಳಗವೇ ಇದು, ಆದರೆ ಬಾಲದಲ್ಲಿ ಮುಳ್ಳಿಲ್ಲ. ಹೆದರುವ ಕಾರಣವೂ ಇಲ್ಲ.

ನೋಡುವುದಕ್ಕೂ ಒಂದು ವಿದ್ಯೆಯುಂಟು. ಮ್ಯಾಂಟಾದ ಬಾಯಿಯ ಎರಡೂ ಬದಿಗೆ ತೊಗಲಿನ ಪಟ್ಟಿಗಳಿವೆಯಲ್ಲ, ಕಣ್ಣು ಇರಬೇಕಾದದ್ದು ಅವುಗಳ ಮೇಲೆ. ಸುರುಳಿ ಸುತ್ತಿ ಕೊಂಬಿನಂತೆ ಮುಂದಕ್ಕೆ ಚಾಚಿದ್ದರೆ ಅದು ದಾರಿಹೋಕ. ಎಲ್ಲಿಗೋ ಹೊರಟಿದೆ, ಬಿಟ್ಟುಬಿಡಿ, ಒಲಿಂಪಿಕ್ ಈಜುಗಾರನಿಗೂ ಸಿಗದು. ಬಿಚ್ಚಿ ಕೆಳಗಿಳಿಸಿದ್ದರೆ ಊಟಕ್ಕೆ ಕೂತಿದೆ ಎಂದರ್ಥ. ಹೋದದ್ದು ತಿರುಗಿ ಇಲ್ಲಿಗೇ ಬರುತ್ತದೆ. ಆಗ ಮಾಡಬೇಕಾದದ್ದು ಇಷ್ಟೇ: ಅದು ತಿರುವು ತೆಗೆದುಕೊಳ್ಳುವ ಜಾಗದ ಹೊರಮಗ್ಗುಲಿಗೆ ಸರಿದು, ಕೈ ಎದೆಗೆ ಕಟ್ಟಿ, ಪಾದದ ಮೇಲೆ ಪಾದ ಹಾಕಿ, ಹೆಣದಂತೆ ತೇಲುವುದು. ಫಿನ್ ಅಲುಗಬಾರದು. ತಲೆ ಎತ್ತಿ ಗೆಳೆಯರನ್ನು ಕರೆಯಬಾರದು. ಪ್ಲಾಂಕ್ಟನ್ ದಟ್ಟವಾಗಿದ್ದರೆ ಒಂದರ ಹಿಂದೊಂದು ಸಾಲುಗಟ್ಟಿ ಬರುತ್ತವೆ. ಮುಂದಿನದು ಹಾದ ಗೆರೆಯಲ್ಲೇ ಹಿಂದಿನದು. ಸಾಲು ಉದ್ದವಾಗಿ ಅದರ ತಲೆ ಬಾಲವನ್ನು ಸೇರಿತೋ, ಇಡೀ ಗುಂಪು ಸುಳಿಯಂತೆ ಗಿರಗಿರ ಸುತ್ತತೊಡಗುತ್ತದೆ. ಅದು ಅಪರೂಪ. ಕಾಲಾಡಿಸುವವರಿಗೆ ಇನ್ನೂ ಅಪರೂಪ.

ಈ ಕಾಲಾಡಿಸುವವರ ಬಗ್ಗೆ ನಾಲ್ಕು ಮಾತು ಆಡದಿದ್ದರೆ ನನಗೆ ನಿದ್ದೆ ಬಾರದು. ಉದ್ದ ಕೋಲಿನ ತುದಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಮ್ಯಾಂಟಾದ ಬೆನ್ನು ಹತ್ತುತ್ತಾರೆ. ಬೆನ್ನು ಹತ್ತಿದರೆ ಸಿಗುವುದು ಬಾಲದ ಚಿತ್ರ. ಅದು ತಿಳಿದ ಬುದ್ಧಿವಂತರು ಎದುರಿನಿಂದ ಗುದ್ದಿದಂತೆ ಮುಳುಗಿ, ತೆರೆದ ಬಾಯಿಯ ಮುಂದೆ ತಮ್ಮ ಮುಖವಿಟ್ಟು ನಗುತ್ತಾರೆ. ಕೇಳಿದರೆ ವಿಜ್ಞಾನದ ಮಾತು ಬರುತ್ತದೆ. ಹೊಟ್ಟೆಯ ಚುಕ್ಕೆಗಳಿಂದಲೇ ಒಂದೊಂದು ಮ್ಯಾಂಟಾದ ಗುರುತು, ಮ್ಯಾಂಟಾ ಟ್ರಸ್ಟ್‌ನವರು ಅಂಥ ಚಿತ್ರಗಳನ್ನು ಕೂಡಿಡುತ್ತಾರೆ, ನಾವು ಕೆಳಗೆ ಹೋಗಲೇಬೇಕಲ್ಲ ಎನ್ನುತ್ತಾರೆ. ಸರಿ ಸ್ವಾಮಿ, ತೋರಿಸಿ ನೋಡೋಣ ಎಂದರೆ ಚಿತ್ರದ ಮುಕ್ಕಾಲು ಪಾಲು ಅವರ ಗಲ್ಲ. ಆ ಬೆಳಿಗ್ಗೆ ಚೆನ್ನಾದ ಒಂದು ಸಾಲು ಕಟ್ಟುತ್ತಿತ್ತು. ಒಬ್ಬ ಮಹಾಶಯ ನಡುವೆ ಮುಳುಗಿದ. ಮುಂದಿನ ಮ್ಯಾಂಟಾ ಪಟ್ಟಿ ಸುತ್ತಿಕೊಂಡು ಪಕ್ಕಕ್ಕೆ ವಾಲಿತು, ಸಾಲು ಚದುರಿತು. ಮೇಲೆ ಬಂದವನು ಹೆಬ್ಬೆರಳೆತ್ತಿ "ಸೂಪರ್" ಎಂದ. ತಿನ್ನುವವರ ತಟ್ಟೆಗೆ ಕಾಲಿಡುವವನನ್ನು ಭೂಮಿಯ ಮೇಲಾದರೆ ಯಾವ ಮನೆಯಲ್ಲಿ ಸಹಿಸುತ್ತಾರೆ? ಇದು ತಮಾಷೆಯಲ್ಲ. ಸುಮಾರು ಒಂದು ವರ್ಷ ಬಸಿರು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿಯದು. ಅದರ ಊಟ ಕೆಡಿಸುವ ಹಕ್ಕು ಯಾವ ಟಿಕೆಟ್ಟಿನ ಹಿಂದೆಯೂ ಅಚ್ಚಾಗಿಲ್ಲ.

ಸಿಲಿಂಡರ್ ಕಟ್ಟಿಕೊಳ್ಳುವುದಾದರೆ ಕಟ್ಟಿಕೊಳ್ಳಿ, ಆದರೆ ಉತ್ತರ ಮಾಲೆ ಅಟಾಲ್‌ನ ಲಂಕನ್‌ನಂಥ ಕಡೆ, ಮ್ಯಾಂಟಾಗಳು ಮೈ ಶುಚಿ ಮಾಡಿಸಿಕೊಳ್ಳಲು ಬರುವಲ್ಲಿ. ಹವಳದ ಬಂಡೆಯಿಂದ ದೂರ ಕೂತು ಸಣ್ಣದಾಗಿ ಉಸಿರಾಡಿ. ಅಲ್ಲಿ ನನ್ನ ಗಮನ ಈಚೆಗೆ ಮ್ಯಾಂಟಾದಿಂದ ಜಾರಿ, ಬೆರಳುದ್ದದ, ಮೈಯುದ್ದಕ್ಕೂ ಕಪ್ಪು ಪಟ್ಟೆಯ ಕ್ಲೀನರ್ ರಾಸ್ ಮೀನಿನ ಮೇಲೆ ನಿಲ್ಲುತ್ತಿದೆ. ಮೈಗಂಟಿದ ಹುಳ ಆರಿಸುವುದು ಅದರ ಕಸುಬು. ನಾಲಗೆ ಬಯಸುವುದು ಮಾತ್ರ ಗಿರಾಕಿಯ ಮೈಲೋಳೆಯನ್ನು. ಕದ್ದು ಒಂದು ಚೂರು ಕಚ್ಚಿತೋ, ದೊಡ್ಡ ಮೀನು ಬೆಚ್ಚಿ ಮೈ ಒದರುತ್ತದೆ. ವಿಜ್ಞಾನಿಗಳಾದ ರೆಡುವಾನ್ ಬ್ಷಾರಿ ಮತ್ತು ಅಲೆಕ್ಸಾಂಡ್ರಾ ಗ್ರಟರ್ 2006ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದೇನೆಂದರೆ, ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ ನೋಡುತ್ತಿದ್ದರೆ ಈ ಪುಟಾಣಿ ಹೆಚ್ಚು ಪ್ರಾಮಾಣಿಕವಾಗುತ್ತದೆ! ಸಾಲದ್ದಕ್ಕೆ ಇದರದೇ ವೇಷ ಹಾಕುವ ಬ್ಲೆನಿ ಮೀನೊಂದಿದೆ. ಅದೇ ಪಟ್ಟೆ, ಅದೇ ಕುಣಿತ, ಹತ್ತಿರ ಬಂದವರ ರೆಕ್ಕೆ ಕಚ್ಚಿ ಓಟ. ಇಷ್ಟೆಲ್ಲ ನಾಟಕ ಒಂದು ಬಂಡೆಯ ಮೇಲೆ ನಡೆದಿರುವಾಗ ಗೈಡ್ ಟಣಟಣ ಎಂದು ಸಿಲಿಂಡರ್ ಬಡಿದು, ನನ್ನ ಹಿಂದೆ ಇನ್ನೊಂದು ಮ್ಯಾಂಟಾ ಬಂದಿದೆಯೆಂದು ತೋರಿಸುತ್ತಿದ್ದ. ಬರಲಿ, ಸರದಿಯಲ್ಲಿ ಕಾಯಲಿ; ಎದುರಿನ ಈ ಪಟ್ಟೆಮೀನು ಅಸಲಿಯೋ ನಕಲಿಯೋ ಎಂಬುದು ನನಗಿನ್ನೂ ತೀರ್ಮಾನವಾಗಿರಲಿಲ್ಲ.