ಅಡುಗೆಮನೆಯ ಕಿಂಡಿ

ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಗಿರಾಕಿ ಒಲೆಯ ಹತ್ತಿರ ಹೋಗುವುದಿಲ್ಲ. ಮಾಣಿ ಕೂಗಿದ ತಿಂಡಿಯ ಹೆಸರು ಕಿಂಡಿಯಿಂದ ಒಳಗೆ ಹೋಗುತ್ತದೆ, ತಟ್ಟೆ ಹೊರಗೆ ಬರುತ್ತದೆ. ಅಂಧೇರಿಯ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ನನಗೆ, ನನ್ನ ಕೆಲಸವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ.

ವಿಂಡೋಸ್‌ನಲ್ಲಿ ತೆರೆಮರೆಯಲ್ಲಿ ದುಡಿಯುವ ಪ್ರೋಗ್ರಾಂಗಳಿಗೆ ಸರ್ವಿಸ್ ಎನ್ನುತ್ತಾರೆ. ಪ್ರಿಂಟಿಂಗ್, ಬ್ಯಾಕಪ್, ಆಂಟಿವೈರಸ್ ಎಲ್ಲ ಇವುಗಳ ಪಾಲು. ಯಾರೂ ಲಾಗಿನ್ ಆಗದಿದ್ದರೂ ಇವು ನಡೆಯುತ್ತವೆ. ಹಲವಕ್ಕೆ ನಮಗಿಂತ ಹೆಚ್ಚು ಅಧಿಕಾರ. ಎಕ್ಸ್‌ಪಿ ಕಾಲದಲ್ಲಿ ಇವೂ, ಮೊದಲು ಲಾಗಿನ್ ಆದ ಬಳಕೆದಾರನೂ ಒಂದೇ ಸೆಷನ್‌ನಲ್ಲಿ ಇರುತ್ತಿದ್ದರು. ಸರ್ವಿಸ್ ಪರದೆಯ ಮೇಲೆ ಒಂದು ವಿಂಡೋ ತೆರೆದರೆ ಸಾಕು, ಅದೇ ಪರದೆಯ ಸಾಮಾನ್ಯ ಪ್ರೋಗ್ರಾಂ ಆ ವಿಂಡೋಗೆ ಸಂದೇಶ ಕಳಿಸಿ ಸರ್ವಿಸ್‌ನ ಅಧಿಕಾರವನ್ನೇ ಕದಿಯಬಹುದಿತ್ತು. 2002ರಲ್ಲಿ ಬಯಲಾದ ಈ ದಾಳಿಗೆ ‘ಶ್ಯಾಟರ್’ ಎಂದು ಹೆಸರು. 2007ರಲ್ಲಿ ಅಂಗಡಿಗೆ ಬಂದ ವಿಸ್ತಾ ನಡುವೆ ಗೋಡೆ ಕಟ್ಟಿತು: ಸರ್ವಿಸ್‌ಗಳು ಸೆಷನ್ 0ಯಲ್ಲಿ, ಬಳಕೆದಾರರು 1ರಿಂದ ಮುಂದೆ.

ಗೋಡೆ ಬಂದ ಮೇಲೆ ಹಳೆಯ ಪ್ರೋಗ್ರಾಂಗಳು ಒದ್ದಾಡಿದವು. ಒಂದು ಕಚೇರಿಯಲ್ಲಿ ರಾತ್ರಿಯ ಬ್ಯಾಕಪ್ ಮೂರು ದಿನ ನಿಂತೇಹೋಗಿತ್ತು. ಸರ್ವಿಸ್ ಸೆಷನ್ 0ಯಲ್ಲಿ ‘ಓಕೆ ಒತ್ತಿ’ ಎಂಬ ಪೆಟ್ಟಿಗೆ ತೆರೆದು ಕಾಯುತ್ತಿತ್ತು. ಒತ್ತಬೇಕಾದವರ ಪರದೆಗೆ ಅದು ಬರುವಂತೆಯೇ ಇರಲಿಲ್ಲ. “ಎಲ್ಲರಿಗೂ ಅಡ್ಮಿನ್ ಹಕ್ಕು ಕೊಟ್ಟುಬಿಡಿ” ಎಂದರು ಮಾಲೀಕರು. ಕೊಟ್ಟರೂ ಪೆಟ್ಟಿಗೆ ಕಾಣುತ್ತಿರಲಿಲ್ಲ.

ಸರಿಯಾದ ದಾರಿ ಬೇರೆ. ಬಳಕೆದಾರನ ಸೆಷನ್‌ನಲ್ಲಿ, ಅವನದೇ ಹಕ್ಕಿನಲ್ಲಿ, ಒಂದು ಪುಟ್ಟ ಸಹಾಯಕ ಪ್ರೋಗ್ರಾಂ ಇರಬೇಕು. ಪರದೆಯ ಮೇಲೆ ಕಾಣುವುದು ಅದು ಮಾತ್ರ. ಅದು ಸರ್ವಿಸ್ ಜೊತೆ ನೇಮ್ಡ್ ಪೈಪ್ ಮೂಲಕ ಮಾತಾಡುತ್ತದೆ. ಆಚೆ ಇರುವವರು ಯಾರು, ಕೇಳುವ ಹಕ್ಕು ಅವರಿಗಿದೆಯೇ ಎಂದು ಸರ್ವಿಸ್ ಪರೀಕ್ಷಿಸುತ್ತದೆ. ನಮ್ಮ ಮಾಣಿ ಇವನೇ.

ಆದರೆ ಕಿಂಡಿ ಇದ್ದ ಮಾತ್ರಕ್ಕೆ ಸಾಲದು. ‘ಈ ಫೈಲ್ ನಡೆಸು’ ಎಂದು ಏನನ್ನು ಕೊಟ್ಟರೂ ಸರ್ವಿಸ್ ನಡೆಸಿದರೆ ಗೋಡೆ ಇದ್ದೂ ಇಲ್ಲದಂತೆ. ‘ಬ್ಯಾಕಪ್ ಶುರುಮಾಡು’, ‘ಎಷ್ಟಾಯಿತು ಹೇಳು’, ಇಂಥ ನಾಲ್ಕೈದು ಮಾತು ಸಾಕು. ಮಸಾಲೆ ದೋಸೆ ಎಂದರೆ ಬರುತ್ತದೆ. ಗಿರಾಕಿ ತಂದ ಪೊಟ್ಟಣವನ್ನು ಭಟ್ಟರು ಸಾಂಬಾರಿಗೆ ಸುರಿಯುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ನಮ್ಮೂರಿನ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಅಡ್ಮಿನ್ ಹಕ್ಕು ಕೇಳುವ ಮಾಲೀಕರಿಗೆ ಅವಸರ ಇರುತ್ತದೆ, ಕೆಟ್ಟ ಮನಸ್ಸಿರುವುದಿಲ್ಲ. ಆದರೆ ಲೆಕ್ಕ ಬರೆಯುವವರು ನಾಳೆ ಯಾವುದೋ ಮೇಲ್‌ನ ಫೈಲ್ ತೆರೆದಾಗ, ಅದರೊಳಗಿನ ದುಷ್ಟ ಪ್ರೋಗ್ರಾಂಗೂ ಅದೇ ಹಕ್ಕು ಸಿಗಬಹುದು. ಆಗ ಅದು ಮೊದಲು ಅಳಿಸುವುದು ನಾವು ಕಾಪಾಡಲು ಹೊರಟ ಬ್ಯಾಕಪ್ಪನ್ನೇ ಇರಬಹುದು.