ಮೊಹರಿಗಿಂತ ಮೊದಲು ಹೆಸರು

ನಮ್ಮ ಸಮಾಜದ ಮಕ್ಕಳು ಉದ್ಯೋಗ ನಿಮಿತ್ತ ಸಮುದ್ರದಾಚೆ ನೆಲೆಸುವುದು ಇಂದು ವಿಶೇಷ ಸಂಗತಿಯಾಗಿ ಉಳಿದಿಲ್ಲ. ಮಗನೊಬ್ಬನೇ ಹೊರಟಾಗ ಅವನ ಪಾಸ್‌ಪೋರ್ಟು, ಪದವಿ, ನೇಮಕಪತ್ರಗಳ ಚಿಂತೆಯನ್ನು ಅವನೇ ಹೊರುತ್ತಾನೆ. ಆದರೆ ಅವನ ಹಿಂದೆ ಹೆಂಡತಿ ಮಕ್ಕಳು ಹೋಗಬೇಕಾದಾಗ, ‘ಇವಳು ಇವನ ಪತ್ನಿ, ಇದು ಇವರ ಕೂಸು’ ಎಂಬುದನ್ನು ಪರದೇಶದ ಸರ್ಕಾರಕ್ಕೆ ಕಾಗದದ ಮೇಲೆ ತೋರಿಸಬೇಕಾಗುತ್ತದೆ. ಇಡೀ ಊರು ಬಲ್ಲ ಸಂಬಂಧವನ್ನು ಊರನ್ನೇ ಅರಿಯದವರಿಗೆ ಒಪ್ಪಿಸುವ ಈ ಕಾರ್ಯದಲ್ಲಿ ಧಾರವಾಡದ ನಾವಿಬ್ಬರು ಹಿರಿಯರು ಕೆಲವು ತಿಂಗಳು ತೊಡಗಿದ್ದೆವು. ಅದರಿಂದ ತಿಳಿದುದನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ಮಗ ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ನಗರದಲ್ಲಿ ಎಂಜಿನಿಯರ್. ಸೊಸೆಯೂ ಮೂರು ವರ್ಷದ ಮೊಮ್ಮಗಳೂ ಅವನನ್ನು ಸೇರಬೇಕಿತ್ತು. ಅಲ್ಲಿ ದೀರ್ಘಕಾಲ ನೆಲೆಸುವವರು ತಲುಪಿದ ಐದು ದಿನಗಳೊಳಗೆ ನಗರಸಭೆಯಲ್ಲಿ ಹೆಸರು ನೋಂದಾಯಿಸಬೇಕು. ಆಗ ವಿವಾಹದ ಮತ್ತು ಜನನದ ಮೂಲ ಪ್ರಮಾಣಪತ್ರಗಳನ್ನು ‘ಅಪೊಸ್ಟಿಲ್’ ಮುದ್ರೆಯ ಸಹಿತ ಒಪ್ಪಿಸಬೇಕು.

ಈ ಅಪೊಸ್ಟಿಲ್ ಎಂಬುದೇನು? 1961ರ ಅಕ್ಟೋಬರ್ 5ರಂದು ಅದೇ ದೇಶದ ಹೇಗ್ ನಗರದಲ್ಲಿ ಆದ ಒಪ್ಪಂದದಿಂದ ಹುಟ್ಟಿದ ಪದ್ಧತಿಯಿದು. ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರರ ಕಾಗದಪತ್ರಗಳನ್ನು ಈ ಒಂದೇ ಮುದ್ರೆಯ ಮೇಲೆ ಸ್ವೀಕರಿಸುತ್ತವೆ. ಭಾರತಕ್ಕೆ ಇದು 2005ರ ಜುಲೈ 14ರಿಂದ ಅನ್ವಯವಾಗಿದೆ. ಸಂಯುಕ್ತ ಅರಬ್ ಎಮಿರೇಟ್ಸ್, ಕುವೈತ್ ಮೊದಲಾದ ದೇಶಗಳು ಒಪ್ಪಂದದಲ್ಲಿಲ್ಲ. ಅಲ್ಲಿಗೆ ಹೋಗುವವರು ನಮ್ಮ ವಿದೇಶಾಂಗ ಸಚಿವಾಲಯದ ದೃಢೀಕರಣದ ಮೇಲೆ ಆಯಾ ದೇಶದ ರಾಯಭಾರ ಕಚೇರಿಯ ದೃಢೀಕರಣವನ್ನೂ ಪಡೆಯಬೇಕು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಈ ಮುದ್ರೆಯು ಕಾಗದದ ಮೇಲಿನ ಸಹಿ ಯಾರದು, ಅವರು ಯಾವ ಅಧಿಕಾರದಿಂದ ಸಹಿ ಮಾಡಿದರು, ಮೊಹರು ನಿಜವೇ ಎಂಬುದನ್ನಷ್ಟೇ ಹೇಳುತ್ತದೆ. ಒಳಗಿನ ಬರಹ ಸರಿಯೆಂದು ಅದು ಹೇಳುವುದಿಲ್ಲ. ತಪ್ಪು ಹೆಸರಿನ ಕಾಗದಕ್ಕೆ ಮುದ್ರೆ ಬಿದ್ದರೆ ತಪ್ಪು ಹೆಸರೇ ಸಮುದ್ರ ದಾಟುತ್ತದೆ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯ ರೂಢಿ ಎಲ್ಲರಿಗೂ ಗೊತ್ತಿರುವುದೇ. ಮನೆಯಲ್ಲಿ ಬಸಪ್ಪ, ಶಾಲೆಯ ದಾಖಲೆಯಲ್ಲಿ ಬಸವರಾಜ. ಒಂದು ಕಾಗದದಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ಬರಿಯ ಇನಿಷಿಯಲ್ಲು. ಹೆಣ್ಣುಮಗಳಿಗಂತೂ ತವರಿನದೊಂದು ಹೆಸರು, ಗಂಡನ ಮನೆಯದೊಂದು. ನಮ್ಮ ಸೊಸೆಯ ಚೊಚ್ಚಲ ಹೆರಿಗೆ ಪದ್ಧತಿಯಂತೆ ತವರೂರಾದ ಬೈಲಹೊಂಗಲದಲ್ಲಾಯಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಅಲ್ಲಿಯ ಆಸ್ಪತ್ರೆಯವರು ಜನನದ ಮಾಹಿತಿಯನ್ನು ಪುರಸಭೆಗೆ ಕಳುಹಿಸಿದ್ದರು. ಹೀಗಾಗಿ ಪ್ರಮಾಣಪತ್ರದಲ್ಲಿ ಕೂಸಿನ ಹೆಸರಿನ ಜಾಗ ಖಾಲಿಯಿತ್ತು. ತಾಯಿಯ ಹೆಸರಿನ ಜಾಗದಲ್ಲಿ ಅವಳನ್ನು ಮನೆಯಲ್ಲಿ ಕರೆಯುವ ಹೆಸರನ್ನು ಬರೆದಿದ್ದರು. ಪಾಸ್‌ಪೋರ್ಟಿನಲ್ಲಿದ್ದುದು ಬೇರೆ. ಕಾಗದ ನೋಡಿದ ಗುಮಾಸ್ತರು, “ಅಜ್ಜಾರ, ಸಿಕ್ಕಾ ಯಾರರ ಹಾಕ್ತಾರ, ಹೆಸರ ಮಾತ್ರ ನೀವ ಸರಿ ಮಾಡಿಸ್ಕೊಂಡು ಬರಬೇಕು” ಎಂದರು. ಆ ಮಾತು ಸತ್ಯವಾಗಿತ್ತು.

1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಇದಕ್ಕೆ ಮಾರ್ಗವಿದೆ. ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು ನಂತರ ಸೇರಿಸಬಹುದು. ಒಂದು ವರ್ಷದೊಳಗಾದರೆ ಶುಲ್ಕವಿಲ್ಲ, ತರುವಾಯ ಸ್ವಲ್ಪ ಶುಲ್ಕ ಉಂಟು. ಇತರ ದೋಷಗಳನ್ನು ಆಧಾರ ತೋರಿಸಿ ತಿದ್ದಿಸಬಹುದು. ಬೈಲಹೊಂಗಲಕ್ಕೆ ನಾಲ್ಕು ಸಲ ಹೋಗಿಬಂದು ಎರಡನ್ನೂ ಮುಗಿಸಿದೆವು.

ವಿವಾಹದ ಕಾಗದ ಇನ್ನೊಂದು ಬಗೆಯದು. ಗುರುಗಳ ಸನ್ನಿಧಿಯಲ್ಲಿ ಅಕ್ಷತೆ ಬಿದ್ದ ಮೇಲೆ ಮದುವೆಗೆ ಮತ್ತಾವ ಪುರಾವೆ ಎಂಬುದು ಜನರ ಭಾವನೆ. 1955ರ ಹಿಂದೂ ವಿವಾಹ ಕಾಯ್ದೆ ತನ್ನ ವ್ಯಾಪ್ತಿಯಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿ ಹೇಳಿದೆ. ನೋಂದಣಿಯಾಗದಿದ್ದ ಮಾತ್ರಕ್ಕೆ ಮದುವೆ ಅಸಿಂಧುವಾಗದೆಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಎಲ್ಲ ವಿವಾಹಗಳ ನೋಂದಣಿ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ನಿರ್ದೇಶಿಸಿದೆ. ಪರದೇಶದವರೂ ನಂಬುವುದು ನೋಂದಣಿ ಪತ್ರವನ್ನೇ. ಮಗ ಹತ್ತು ದಿನದ ರಜೆಯಲ್ಲಿ ಬಂದ. ಲಗ್ನಪತ್ರಿಕೆ, ಭಾವಚಿತ್ರ, ವಯಸ್ಸಿನ ದಾಖಲೆ, ಸಾಕ್ಷಿಗಳೊಡನೆ ಗಂಡಹೆಂಡಿರಿಬ್ಬರೂ ಉಪನೋಂದಣಾಧಿಕಾರಿಗಳ ಮುಂದೆ ಸಹಿ ಮಾಡಿದರು.

ಹೆಸರುಗಳೆಲ್ಲ ಒಂದಾದ ಬಳಿಕದ ದಾರಿ ಸುಗಮ. ಮೊದಲು ರಾಜ್ಯ ಸರ್ಕಾರ ಗೊತ್ತುಪಡಿಸಿದ ಅಧಿಕಾರಿಯ ದೃಢೀಕರಣ, ಅನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಸಚಿವಾಲಯದ ಶುಲ್ಕ ಕಾಗದವೊಂದಕ್ಕೆ 50 ರೂಪಾಯಿ. ಕಾಗದಗಳನ್ನು ಸ್ವೀಕರಿಸುವ ಅಧಿಕೃತ ಏಜೆನ್ಸಿಯ ಸೇವಾಶುಲ್ಕ ಬೇರೆ. ನಕಲಿನ ಮೇಲೆ ನೋಟರಿಯ ಸಹಿ ಹಾಕಿಸಿದರೆ ಸಾಕೆಂದು ಹೇಳುವವರುಂಟು. ಅದು ಈ ಮುದ್ರೆಗೆ ಬದಲಾಗದು.

ಈ ಓಡಾಟದ ನಡುವೆ ಒಂದು ಸಂಜೆ ನಮ್ಮ ಮನೆಯವರು ಕಾಗದಗಳನ್ನು ಜೋಡಿಸುತ್ತ, “ಕೂಸು ದೂರ ಹೋಗೋದಕ್ಕ ನಾವ ಇಷ್ಟು ಓಡಾಡ್ತೀವಲ್ಲ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಒಂದೊಂದು ಸಹಿ ದೊರೆತಂತೆಲ್ಲ ಮನೆ ಬರಿದಾಗುವ ದಿನ ಹತ್ತಿರವಾಗುತ್ತಿತ್ತು. ಆದರೆ ಮೊಮ್ಮಗಳು ತನ್ನ ತಂದೆಯನ್ನು ಫೋನಿನ ಪರದೆಯಲ್ಲಷ್ಟೇ ಬಲ್ಲವಳಾಗಿ ಬೆಳೆಯುತ್ತಿದ್ದಳು. ಅದನ್ನು ನೋಡಿದ ಮೇಲೆ ವಿಳಂಬ ಮಾಡುವ ಮನಸ್ಸು ನಮಗೆ ಬರಲಿಲ್ಲ.

ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಪರದೇಶದ ಮಾತು ಬರಲಿ ಬಿಡಲಿ, ಮದುವೆಯಾದ ವರ್ಷವೇ ಅದನ್ನು ನೋಂದಾಯಿಸಿರಿ. ತೊಟ್ಟಿಲ ಕಾರ್ಯ ಮುಗಿದ ಕೂಡಲೇ ಕೂಸಿನ ಹೆಸರನ್ನು ಜನನ ದಾಖಲೆಗೆ ಸೇರಿಸಿರಿ. ಸೊಸೆ ಮನೆಗೆ ಬಂದಾಗ ಯಾವ ಹೆಸರನ್ನು ಇಟ್ಟುಕೊಳ್ಳಬೇಕೆಂಬುದನ್ನು ಅವಳನ್ನೇ ಕೇಳಿ, ಎಲ್ಲ ಕಾಗದಗಳಲ್ಲೂ ಅದೇ ಹೆಸರು, ಅದೇ ಅಕ್ಷರ ಇರುವಂತೆ ನೋಡಿಕೊಳ್ಳಿರಿ. ಮೂಲ ಪ್ರಮಾಣಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿರಿ. ಮುದ್ರೆಯ ಚೀಟಿಯನ್ನು ಕಾಗದಕ್ಕೇ ಅಂಟಿಸಬೇಕಾಗುತ್ತದೆ.

ಈಗ ಐಂಡ್‌ಹೋವನ್ ನಗರಸಭೆಯ ದಾಖಲೆಯಲ್ಲಿ ನಮ್ಮ ಮೊಮ್ಮಗಳ ಹೆಸರಿದೆ. ಬೈಲಹೊಂಗಲದ ಪುರಸಭೆಯಲ್ಲಿರುವಂತೆಯೇ ಇದೆ, ಒಂದಕ್ಷರವೂ ವ್ಯತ್ಯಾಸವಿಲ್ಲ.