ಇನ್ನೂರು ಕೆಜಿ ಪಾತ್ರೆ ಮತ್ತು ನಮ್ಮಜ್ಜನ ಗಂಗಾಳ

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದೆ, ಇವತ್ತು ಕೂತಿದ್ದೀನಿ. ವಿಷಯ ಒಂದು ಪಾತ್ರೆಯದ್ದು. ಅಂತಿಂಥ ಪಾತ್ರೆಯಲ್ಲ, 201.5 ಕೆಜಿ ತೂಗುವ ಕಂಚಿನ ಪಾತ್ರೆ!

2016ರಲ್ಲಿ ಆಫೀಸ್ ಕೆಲಸದ ಮೇಲೆ ಶಾಂಘೈಗೆ ಹೋಗಿದ್ದೆ. ಭಾನುವಾರ ರಜೆ. ಭಾಷೆ ಬರಲ್ಲ, ಸಸ್ಯಾಹಾರಿಯ ಪಾಡಂತೂ ಕೇಳಲೇಬೇಡಿ. ಪ್ರವೇಶ ಪುಕ್ಕಟೆ ಅಂತ ಗೊತ್ತಾಗಿ ಪೀಪಲ್ಸ್ ಸ್ಕ್ವೇರ್‌ನಲ್ಲಿರುವ ಶಾಂಘೈ ಮ್ಯೂಸಿಯಮ್ಮಿಗೆ ಹೊಕ್ಕೆ. 1996ರಲ್ಲಿ ತೆರೆದ ಆ ಕಟ್ಟಡವೇ ಒಂದು ಪಾತ್ರೆಯ ಹಾಗಿದೆ. ಕೆಳಗೆ ಚೌಕ, ಮೇಲೆ ದುಂಡಗೆ, ಜೊತೆಗೆ ಹಿಡಿಗಳು. ಚೀನೀಯರು 'ದಿಂಗ್' ಅನ್ನೋ ಪಾತ್ರೆಯ ಆಕಾರವಂತೆ ಅದು.

ಒಳಗೆ ಹೋದರೆ ಸಾಲು ಸಾಲು ಕಂಚು. ಮೊದಲಿಗೆ ನನಗೆ ಎಲ್ಲವೂ ಹಸಿರು ಹಿಡಿದ ಹಳೇ ಪಾತ್ರೆಗಳೇ. ಆಮೇಲೆ ಒಂದೊಂದಾಗಿ ಓದ್ತಾ ಹೋದೆ. ಮಾಂಸದ ಅಡುಗೆಗೆ ಮೂರು ಕಾಲಿನ ದಿಂಗ್. ಧಾನ್ಯದ ನೈವೇದ್ಯಕ್ಕೆ 'ಗುಯಿ'. ಮದ್ಯ ಬಿಸಿ ಮಾಡೋಕೆ 'ಜುಏ'. ಕೈಗೆ ನೀರು ಹಾಕೋಕೆ ಒಂದು, ಆ ನೀರು ಹಿಡಿಯೋಕೆ ಅಗಲವಾದ ಇನ್ನೊಂದು. ಇಷ್ಟೆಲ್ಲ ಯಾರ ಊಟಕ್ಕೆ ಗೊತ್ತಾ? ಸತ್ತವರ ಊಟಕ್ಕೆ! ಹಿರಿಯರಿಗೆ ಬಡಿಸೋಕೆ ಅಂತಲೇ ಮಣ್ಣಿನ ಅಚ್ಚು ಮಾಡಿ, ಅದನ್ನ ತುಂಡು ತುಂಡಾಗಿ ಜೋಡಿಸಿ, ತಾಮ್ರ-ತವರ ಕರಗಿಸಿ ಹೊಯ್ದದ್ದು. ಹೊಸದರಲ್ಲಿ ಅವು ಚಿನ್ನದ ಹಾಗೆ ಹೊಳೀತಿದ್ದವಂತೆ, ಹಸಿರು ಬಂದದ್ದೆಲ್ಲ ಕಾಲಕ್ರಮದಲ್ಲಿ.

ಕೊನೆಗೆ ನಿಂತದ್ದು 'ದಾ ಕೆ ದಿಂಗ್' ಎದುರು. ಸುಮಾರು 2800 ವರ್ಷ ಹಳೇದು. ಒಳಗಿನ ಗೋಡೆಯ ಮೇಲೆ 290 ಅಕ್ಷರ. 'ಕೆ' ಅನ್ನೋನು ಝೌ ಅರಸನ ಅಧಿಕಾರಿ. ಅವನ ಹುದ್ದೆಯ ಹೆಸರೇ ಅಡುಗೆ-ಊಟದ ಮೇಲ್ವಿಚಾರಕ ಅಂತ. ಮೊದಲು ತನ್ನ ಅಜ್ಜನನ್ನ ಹೊಗಳ್ತಾನೆ. ಆಮೇಲೆ ಅರಸ ತನಗೆ ಕೊಟ್ಟ ಬಟ್ಟೆ, ಹೊಲ, ಆಳುಗಳ ಪಟ್ಟಿ. ಅಜ್ಜನ ಪೂಜೆಗೆ ಅಂತ ಈ ಪಾತ್ರೆ ಮಾಡಿಸಿದೆ ಅಂತ ಹೇಳಿ, ಕೊನೆಗೆ ಆ ಕಾಲದ ಪಾತ್ರೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು: ಮಕ್ಕಳು ಮೊಮ್ಮಕ್ಕಳು ಇದನ್ನ ಎಂದೆಂದಿಗೂ ಜೋಪಾನ ಮಾಡಿ ಬಳಸಲಿ.

ಅಲ್ಲಿ ನನಗೆ ಕಾಲು ಕೀಳೋಕಾಗಲಿಲ್ಲ.

ಯಾಕೆ ಅಂದ್ರೆ... 2011ರಲ್ಲಿ, ಅಜ್ಜಿ ತೀರಿಕೊಂಡ ಮೇಲೆ, ಊರ ಮನೆ ಖಾಲಿ ಮಾಡಿದ್ವಿ. ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿ ಪೇಟೆಗೆ ಹೋಗಿ ತೂಕಕ್ಕೆ ಹಾಕಿ ಬಂದವನು ನಾನೇ. ಅದರಲ್ಲಿ ಅಜ್ಜನ ಕಂಚಿನ ಗಂಗಾಳವೂ ಇತ್ತು. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಅವನ ಹೆಸರು. ನಾನು ತಿರುಗಿಸಿಯೂ ನೋಡಲಿಲ್ಲ. ಬಂದ ದುಡ್ಡಲ್ಲಿ ಒಂದು ಕುಕ್ಕರ್ ತಗೊಂಡ್ವಿ. ಆ ವರ್ಷದ ಪಿತೃಪಕ್ಷದಲ್ಲಿ ಅಮ್ಮ "ಗಂಗಾಳ ಎಲ್ಲೋ?" ಅಂದಳು. ಹೇಳಿದೆ. ಏನೂ ಅನ್ನಲಿಲ್ಲ, ಸ್ಟೀಲ್ ತಟ್ಟೆ ತೊಳೆದು ಎಡೆ ಇಟ್ಟಳು. ಬೈದಿದ್ರೇ ಚೆನ್ನಾಗಿತ್ತು.

ವಾಪಸ್ ಬಂದ ಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಝೌ ಕಾಲದ ವಿಧಿಯಲ್ಲಿ ಸತ್ತ ಅಜ್ಜನ ಜಾಗದಲ್ಲಿ ಮೊಮ್ಮಗನನ್ನ ಕೂರಿಸಿ ಅವನಿಗೆ ಉಣಬಡಿಸ್ತಿದ್ದರಂತೆ. ಓದಿದ ಕೂಡಲೇ ನೆನಪಾಯ್ತು, ಎಡೆ ಎತ್ತಿದ ಮೇಲೆ ಅಜ್ಜಿ ಅದೇ ಗಂಗಾಳದ ಮುಂದೆ ನನ್ನನ್ನ ಕೂರಿಸಿ "ಉಣ್ಣು, ನಿಮ್ಮಜ್ಜ ಉಂಡ ಹಾಗೆ" ಅಂತಿದ್ದಳು. ನಮಗೂ ಚೀನಾಕ್ಕೂ ಏನೋ ನಂಟಿದೆ ಅಂತಲ್ಲ. ಸತ್ತವರಿಗೆ ಹಸಿವಾಗುತ್ತೆ ಅಂತ ಅಲ್ಲೂ ಅಂದ್ಕೊಂಡಿದ್ರು, ಅಷ್ಟೇ.

ಇನ್ನೊಂದು ಕಥೆ ಓದಿ ಇನ್ನೂ ನಾಚಿಕೆಯಾಯ್ತು. 19ನೇ ಶತಮಾನದ ಕೊನೆಗೆ ಈ ದಿಂಗ್, ಜೊತೆಗೆ 'ದಾ ಯು ದಿಂಗ್' ಅನ್ನೋ ಇನ್ನೊಂದು ದೊಡ್ಡ ಪಾತ್ರೆ, ಸುಝೌ ಊರಿನ ಪಾನ್ ಮನೆತನದ ಕೈಯಲ್ಲಿದ್ದವು. 1937ರಲ್ಲಿ ಜಪಾನಿ ಸೈನ್ಯ ಬಂದಾಗ, ಆ ಮನೆಯ ಸೊಸೆ ಪಾನ್ ದಾಯು, ಚಿಕ್ಕ ವಯಸ್ಸಿಗೇ ವಿಧವೆಯಾದಾಕೆ, ಎರಡನ್ನೂ ಪೆಟ್ಟಿಗೆಯಲ್ಲಿಟ್ಟು ಮನೆಯೊಳಗೇ ಹೂಳಿಸಿದಳು. ಸೈನಿಕರು ಹುಡುಕಿದರೂ ಸಿಗಲಿಲ್ಲ. 1951ರಲ್ಲಿ ಎರಡನ್ನೂ ಸರ್ಕಾರಕ್ಕೆ ದಾನ ಕೊಟ್ಟಳು. 1959ರಲ್ಲಿ ದಾ ಯು ದಿಂಗ್ ಬೀಜಿಂಗ್‌ಗೆ ಹೋಯ್ತು. 2004ರಲ್ಲಿ ಎರಡನ್ನೂ ಮತ್ತೆ ಶಾಂಘೈನಲ್ಲಿ ಒಟ್ಟಿಗೆ ಇಟ್ಟಾಗ ಆಕೆ ಇನ್ನೂ ಇದ್ದಳು. ತೀರಿಕೊಂಡದ್ದು 2007ರಲ್ಲಿ. ಆಕೆ ಇನ್ನೂರು ಕೆಜಿ ಉಳಿಸಿದಳು, ನನಗೆ ಒಂದೂವರೆ ಕೆಜಿ ಉಳಿಸೋಕಾಗಲಿಲ್ಲ.

ಆದರೂ ಒಂದು ಮಾತು ಕಾಡುತ್ತೆ. ಕೆ ಬರೆಸಿದ್ದು ಎರಡು ಕೆಲಸ: ಜೋಪಾನ ಮಾಡಿ, ಬಳಸಿ. ಮ್ಯೂಸಿಯಂ ಮೊದಲನೆಯದನ್ನ ಮಾಡ್ತಿದೆ, ಗಾಜಿನೊಳಗೆ ಎರಡನೆಯದಕ್ಕೆ ದಾರಿಯಿಲ್ಲ. (2024ರಲ್ಲಿ ಪುಡಾಂಗ್‌ನಲ್ಲಿ ತೆರೆದ ಹೊಸ ಕಟ್ಟಡಕ್ಕೆ ಈ ಕಂಚಿನ ಸಂಗ್ರಹ ಹೋಗಿದೆ, ಹೋಗೋರು ಗಮನಿಸಿ.) ನಮ್ಮ ಮನೆಯಲ್ಲೂ ಒಂದು ಉಳಿದಿತ್ತು. ಅಜ್ಜಿಯ ಹೆಸರಿರುವ ಸಣ್ಣ ಕಂಚಿನ ಬಟ್ಟಲು. ಶೋಕೇಸಿನಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ಕೂತಿತ್ತು. ತೆಗೆದು ಹುಣಸೆಹಣ್ಣಲ್ಲಿ ತಿಕ್ಕಿದೆ. ಈಗ ಹಬ್ಬಕ್ಕೆ ಮಗಳು ಅದರಲ್ಲೇ ಪಾಯಸ ತಿನ್ನೋದು. ಖಾಲಿಯಾದ ಮೇಲೆ ತಿರುಗಿಸಿ, ಮುತ್ತಜ್ಜಿಯ ಹೆಸರನ್ನ ಒಂದೊಂದೇ ಅಕ್ಷರ ಕೂಡಿಸಿ ಓದ್ತಾಳೆ. ನೆಲಕ್ಕೆ ಬಿದ್ದು ಅಂಚು ಸ್ವಲ್ಪ ಜಜ್ಜಿದೆ, ಇರಲಿ.

ನಿಮ್ಮನೆ ಅಟ್ಟದ ಮೇಲೂ ಹೆಸರಿರೋ ಪಾತ್ರೆ ಇದೆಯಾ? ಒಮ್ಮೆ ತಿರುಗಿಸಿ ನೋಡಿ. ಯಾರ ಹೆಸರಿದೆ ಅಂತ ನನಗೂ ಹೇಳಿ.